ಬೀದಿಯ ಹೆಸರೇ ಶಾಸನ

ಜೂನ್ ತಿಂಗಳು ಬಂತೆಂದರೆ ಹಳೆಯ ಪಠ್ಯಪುಸ್ತಕ ಹುಡುಕಿಕೊಂಡು ವಿದ್ಯಾರ್ಥಿಗಳು ಬೆಂಗಳೂರಿನ ಅವೆನ್ಯೂ ರಸ್ತೆಗೆ ಹೋಗುತ್ತಾರೆ. ಆ ರಸ್ತೆಗೆ ಹಿಂದೆ ದೊಡ್ಡಪೇಟೆ ಎಂಬ ಹೆಸರಿತ್ತು ಎಂದು ತರಗತಿಯಲ್ಲಿ ಹೇಳಿದಾಗ ಮಕ್ಕಳು ಬೆರಗಾಗುತ್ತಾರೆ.

1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿಸಿ ಅದರೊಳಗೆ ಪೇಟೆಯನ್ನು ನೆಲೆಗೊಳಿಸಿದರು. ಉತ್ತರ ದಕ್ಷಿಣವಾಗಿ ದೊಡ್ಡಪೇಟೆ, ಪೂರ್ವ ಪಶ್ಚಿಮವಾಗಿ ಚಿಕ್ಕಪೇಟೆ. ಇವೆರಡೂ ಕೂಡುವ ಚೌಕವೇ ಊರಿನ ನಡುಮನೆ. ಸುತ್ತಲೂ ಕಸುಬಿಗೊಂದು ಕೇರಿ ಬೆಳೆಯಿತು. ಅಕ್ಕಿ ಮಾರುವಲ್ಲಿ ಅಕ್ಕಿಪೇಟೆ, ಬಳೆಗಾರರು ಇದ್ದಲ್ಲಿ ಬಳೇಪೇಟೆ, ಮಡಕೆ ಮಾಡುವವರದು ಕುಂಬಾರಪೇಟೆ, ಗಾಣ ತಿರುಗಿಸುವವರದು ಗಾಣಿಗರಪೇಟೆ, ನಗರ್ತ ವರ್ತಕರದು ನಗರ್ತಪೇಟೆ. ವಿಳಾಸ ಕೇಳುವ ಕೆಲಸವೇ ಇರಲಿಲ್ಲ. ಬೇಕಾದ ಸಾಮಾನಿನ ಹೆಸರು ಹೇಳಿದರೆ ಬೀದಿ ಸಿಗುತ್ತಿತ್ತು.

1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಮೊದಲು ಈ ಪೇಟೆಯನ್ನೂ ಆಮೇಲೆ ಕೋಟೆಯನ್ನೂ ಹಿಡಿಯಿತು. ಪೇಟೆ ಮತ್ತೆ ಚೇತರಿಸಿಕೊಂಡಿತು. ಆಳುವವರು ಬದಲಾದರೂ ಕುಂಬಾರಪೇಟೆ ಕುಂಬಾರಪೇಟೆಯಾಗಿಯೇ ಉಳಿಯಿತು.

ಹೆಸರು ಬದಲಾಗುವುದರಲ್ಲೂ ಎರಡು ಬಗೆಯಿದೆ. ಅರಳೆಪೇಟೆ ಕಾಟನ್‌ಪೇಟೆಯಾಯಿತು. ಮಾತು ಇಂಗ್ಲಿಷಿಗೆ ತಿರುಗಿದರೂ ಅಲ್ಲಿ ಹತ್ತಿ ಮಾರುತ್ತಿದ್ದರೆಂಬ ಸಂಗತಿ ಉಳಿಯಿತು. ದೊಡ್ಡಪೇಟೆ ಅವೆನ್ಯೂ ರಸ್ತೆಯಾದಾಗ ಮಾತ್ರ ಅರ್ಥವೂ ಹೋಯಿತು. ಊರಿನ ಹಿರಿಯ ಬೀದಿ ಅದೇ ಎಂಬುದನ್ನು ಈಗ ಪುಸ್ತಕ ನೋಡಿ ತಿಳಿಯಬೇಕಾಗಿದೆ.

ಬಳೇಪೇಟೆಯಲ್ಲಿ ಈಗ ವೀಣೆ, ತಬಲ, ಹಾರ್ಮೋನಿಯಂ ಅಂಗಡಿಗಳು ಹೆಸರಾಗಿವೆ. ಕಸುಬು ಹೋದ ಮೇಲೆ ಹಳೆಯ ಹೆಸರೇಕೆ ಎಂದು ಕೆಲವರು ಕೇಳುತ್ತಾರೆ. ರಾಜರಿಗೆ ಶಾಸನಗಳಿವೆ, ಪ್ರತಿಮೆಗಳಿವೆ. ಗಾಣದ ಸುತ್ತ ದಿನವಿಡೀ ನಡೆದವನಿಗೆ, ಮಣ್ಣು ತುಳಿದವಳಿಗೆ ಏನಿದೆ? ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಅವರು ಇಲ್ಲಿ ಬದುಕಿದ್ದರೆಂಬುದಕ್ಕೆ ಬೀದಿಯ ಹೆಸರೇ ಸಾಕ್ಷಿ. ಅದನ್ನು ಅಳಿಸಿದರೆ ಅವರನ್ನು ಎರಡನೆಯ ಬಾರಿ ಮರೆತಂತೆ.

ಶಾಲೆಗೆ ಐವತ್ತು ತುಂಬಿದ ಈ ಸಂದರ್ಭದಲ್ಲಿ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮ ಬೀದಿ, ಕೆರೆ, ಕಟ್ಟೆಗಳಿಗೆ ಆ ಹೆಸರು ಹೇಗೆ ಬಂತೆಂದು ಮನೆಯ ಅಜ್ಜ ಅಜ್ಜಿಯರನ್ನು ಕೇಳಿ, ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ಫಲಕ ಬದಲಾಗುವ ಮೊದಲೇ ಈ ಕೆಲಸ ಆಗಲಿ.