ಮರುನುಡಿಯ ಮರೆ: ಕನ್ನಡ ಕಲಿಕೆಗೆ ಎಐ ಪ್ರಾಂಪ್ಟ್ ಬರೆಯುವಲ್ಲಿ ಒಂದು ತೊಡಕು

ಭಾಷೆ ಕಲಿಯಲು ಚಾಟ್‌ಜಿಪಿಟಿಯಂಥ ಸಾಧನಗಳನ್ನು ಬಳಸುವವರಿಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ತಕರಾರಿಲ್ಲದವು. ಪಾತ್ರ, ಸನ್ನಿವೇಶ, ಕಲಿಯುವವರ ಮಟ್ಟ ಇವನ್ನು ಪ್ರಾಂಪ್ಟಿನಲ್ಲಿ ಬಿಡಿಸಿ ಹೇಳಬೇಕು, ಯಂತ್ರದ ಉತ್ತರ ಚಿಕ್ಕದಾಗಿರಬೇಕು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಈ ಲೇಖನದ ತಕರಾರು ಇರುವುದು ಅವುಗಳ ಜೊತೆಗೇ ಬರುವ ಇನ್ನೊಂದು ಸೂಚನೆಯ ಬಗ್ಗೆ: ‘ಮಾತಿನ ಓಟ ಕೆಡದಂತೆ ನನ್ನ ತಪ್ಪುಗಳನ್ನು ಸಹಜವಾಗಿ ತಿದ್ದಿ.’

ಹೀಗೆ ಹೇಳಿದರೆ ಯಂತ್ರ ಸಾಮಾನ್ಯವಾಗಿ ಕಲಿಯುವವರ ವಾಕ್ಯವನ್ನು ಸರಿಪಡಿಸಿ ತನ್ನ ಉತ್ತರದೊಳಗೆ ಸೇರಿಸಿಬಿಡುತ್ತದೆ. ಇದನ್ನು ಇಲ್ಲಿ ಮರುನುಡಿ ಎನ್ನೋಣ. ಭಾಷಾ ಕಲಿಕೆಯ ಸಂಶೋಧಕ ಮೈಕೆಲ್ ಲಾಂಗ್ ಇದರ ಪರವಾಗಿ ವಾದಿಸಿದವರು: ಅರ್ಥದ ಮೇಲೆ ಗಮನವಿರುವಾಗಲೇ ಸರಿಯಾದ ರೂಪ ಕಿವಿಗೆ ಬೀಳುವುದು ಅವರ ದೃಷ್ಟಿಯಲ್ಲಿ ಲಾಭ. ರಾಯ್ ಲೈಸ್ಟರ್ ಮತ್ತು ಲೀಲಾ ರಾಂಟಾ 1997ರಲ್ಲಿ ಕೆನಡಾದ ಫ್ರೆಂಚ್ ತರಗತಿಗಳಲ್ಲಿ ಕಂಡದ್ದು ಬೇರೆ. ಅಲ್ಲಿನ ಶಿಕ್ಷಕರ ತಿದ್ದುಪಡಿಗಳಲ್ಲಿ ಶೇ. 55ರಷ್ಟು ಮರುನುಡಿಗಳೇ ಆಗಿದ್ದವು. ಮಕ್ಕಳು ಪ್ರತಿಕ್ರಿಯಿಸಿದ್ದು ಅವುಗಳಲ್ಲಿ ಶೇ. 31ಕ್ಕೆ ಮಾತ್ರ.

ಕನ್ನಡದಲ್ಲಿ ಈ ಚರ್ಚೆಗೆ ಇನ್ನೊಂದು ಮಗ್ಗುಲಿದೆ. ತರಕಾರಿ ಅಂಗಡಿಯ ಸಂಭಾಷಣೆಯೊಂದನ್ನು ಇಟ್ಟುಕೊಳ್ಳೋಣ. ಕಲಿಯುವವರು ‘ನಾನು ಎರಡು ಕೆಜಿ ಟೊಮ್ಯಾಟೊ ಬೇಕು’ ಎನ್ನುತ್ತಾರೆ. ಯಂತ್ರ ‘ನಿಮಗೆ ಎರಡು ಕಿಲೋ ಟೊಮ್ಯಾಟೊ ಬೇಕೇ? ಕೊಡುತ್ತೇನೆ’ ಎನ್ನುತ್ತದೆ. ತಪ್ಪಿದ್ದದ್ದು ಒಂದೇ: ‘ನಾನು’ ಅಲ್ಲ, ‘ನನಗೆ’ (ಅಥವಾ ‘ನಂಗೆ’). ಆದರೆ ಆ ರೂಪ ಉತ್ತರದಲ್ಲಿ ಎಲ್ಲೂ ಇಲ್ಲ. ಮಾತಾಡುವವರು ಬದಲಾದ್ದರಿಂದ ಅದು ‘ನಿಮಗೆ’ ಆಗಿದೆ. ಚತುರ್ಥಿ ವಿಭಕ್ತಿ ಆ ಬದಲಾವಣೆಯ ಮರೆಗೆ ಸರಿದಿದೆ. ಫ್ರೆಂಚಿನಲ್ಲಿ ನಾಮಪದದ ಲಿಂಗ ತಪ್ಪಿದಾಗ ಹೀಗಾಗುವುದಿಲ್ಲ. ಯಾರು ಹೇಳಿದರೂ ನಾಮಪದದ ಲಿಂಗ ಅದೇ. ಸಾಲದ್ದಕ್ಕೆ ‘ಕೆಜಿ’ ‘ಕಿಲೋ’ ಆಗಿದೆ, ‘ಬೇಕಾ’ ಎನ್ನಬೇಕಾದಲ್ಲಿ ‘ಬೇಕೇ’ ಬಂದಿದೆ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಯಾವ ವ್ಯಾಪಾರಿ ‘ಕೊಡುತ್ತೇನೆ’ ಎಂದಾನು? ಆಡುಮಾತಿಗೂ ಬರಹಕ್ಕೂ ಇರುವ ಅಂತರ ಹೊಸ ಸಂಗತಿಯಲ್ಲ. ಭಾಷಾವಿಜ್ಞಾನಿ ವಿಲಿಯಂ ಬ್ರೈಟ್ 1958ರಲ್ಲೇ ಆಡುಗನ್ನಡವನ್ನು ಪ್ರತ್ಯೇಕವಾಗಿ ವಿವರಿಸಿದ್ದರು. ಹೆರಾಲ್ಡ್ ಶಿಫ್‌ಮನ್ 1983ರಲ್ಲಿ ಅದಕ್ಕೊಂದು ವ್ಯಾಕರಣವನ್ನೇ ಬರೆದರು. ಆದರೂ ತಪ್ಪನ್ನು ತಿದ್ದಿದ್ದೋ ಶೈಲಿಯನ್ನು ಏರಿಸಿದ್ದೋ ಎಂಬುದು ಹೊಸಬರಿಗೆ ತಿಳಿಯುವ ದಾರಿಯಿಲ್ಲ.

ಆದ್ದರಿಂದ, ಕಡೇಪಕ್ಷ ‘ಬೇಕು’, ‘ಗೊತ್ತು’, ‘ಇಷ್ಟ’, ‘ಬರುತ್ತೆ’ ಇಂಥ ವಾಕ್ಯಗಳ ಅಭ್ಯಾಸದಲ್ಲಿ, ಪ್ರಾಂಪ್ಟು ಮರುನುಡಿಯನ್ನು ಬೇಡವೆಂದೇ ಹೇಳಬೇಕು ಎಂಬುದು ನನ್ನ ವಾದ. ಉದಾಹರಣೆಗೆ:

‘ನೀವು ತರಕಾರಿ ಅಂಗಡಿಯವರು, ನಾನು ಗಿರಾಕಿ. ಬೆಂಗಳೂರು ಕಡೆಯ ಆಡುಮಾತಿನಲ್ಲೇ ಮಾತಾಡಿ: ಕೊಡ್ತೀನಿ, ಬೇಕಾ, ಇಲ್ವಾ. ನಾನು “ಬರಲ್ಲ” ಎಂದರೆ “ಬರುವುದಿಲ್ಲ” ಎಂದು ತಿದ್ದಬೇಡಿ. “ನಾನು ಬೇಕು” ಎಂದರೆ ಮಾತ್ರ ವ್ಯಾಪಾರ ನಿಲ್ಲಿಸಿ, “ಯಾರಿಗೆ ಬೇಕು?” ಎಂದು ಕೇಳಿ. ಮತ್ತೆ ತಪ್ಪಿದರೆ ನಾನು ಹೇಳಬೇಕಾದ ವಾಕ್ಯವನ್ನು ನನ್ನ ಬಾಯಲ್ಲಿ ಬರಬೇಕಾದ ಹಾಗೆಯೇ ಹೇಳಿಕೊಡಿ.’

‘ಆಡುಮಾತು’ ಎಂದಷ್ಟೇ ಬರೆದರೆ ಸಾಲದು. ಯಂತ್ರ ನಾಲ್ಕು ಮಾತಿನಲ್ಲೇ ಪಠ್ಯಪುಸ್ತಕದ ಕನ್ನಡಕ್ಕೆ ಮರಳಬಹುದು. ಮಾದರಿ ರೂಪಗಳನ್ನು ಕೊಡುವುದು ಅದಕ್ಕೇ. ‘ಯಾರಿಗೆ’ ಎಂಬ ಪ್ರಶ್ನೆಯೊಳಗೇ ವಿಭಕ್ತಿ ಇದೆಯಲ್ಲ, ಇದೂ ವೇಷ ಮರೆಸಿಕೊಂಡ ಮರುನುಡಿಯೇ ಎನ್ನಬಹುದು. ಸ್ವಲ್ಪಮಟ್ಟಿಗೆ ಹೌದು. ವ್ಯತ್ಯಾಸವೆಂದರೆ ಇಲ್ಲಿ ‘ನನಗೆ’ ಎಂಬ ರೂಪವನ್ನು ಕಲಿಯುವವರೇ ಕಟ್ಟಬೇಕು.

ಈ ವಾದವನ್ನು ಎಲ್ಲಕ್ಕೂ ಹಿಗ್ಗಿಸುವುದು ಸಲ್ಲ. ಚತುರ್ಥಿಯನ್ನು ಒಮ್ಮೆಯೂ ಕೇಳಿರದವರಿಂದ ಅದನ್ನು ಹೊರಡಿಸಲಾಗದು. ಅವರಿಗೆ ಮೊದಲು ಮಾದರಿ ವಾಕ್ಯವೇ ಬೇಕು. ಜೆನಿಫರ್ ಫಿಲ್ಪ್ 2003ರಲ್ಲಿ ತೋರಿಸಿದಂತೆ, ಚಿಕ್ಕದಾಗಿದ್ದು ಬದಲಾವಣೆ ಕಡಿಮೆಯಿರುವ ಮರುನುಡಿಯನ್ನು ಕಲಿಯುವವರು ಹೆಚ್ಚು ಗಮನಿಸುತ್ತಾರೆ. ಮಾತಾಡುವವರು ಬದಲಾದರೂ ರೂಪ ಬದಲಾಗದ ಕಡೆ, ಉದಾಹರಣೆಗೆ ‘ಅವಳು ಬಂದ’ ಎಂಬಂಥ ತಪ್ಪಿಗೆ, ಅದು ಸಾಕಾಗಬಹುದು. ಅಲ್ಲದೆ ಲೈಸ್ಟರ್ ಮತ್ತು ರಾಂಟಾ ಎಣಿಸಿದ್ದು ತಕ್ಷಣದ ಪ್ರತಿಕ್ರಿಯೆಯನ್ನು. ಆ ಕ್ಷಣಕ್ಕೆ ‘ನನಗೆ’ ಎಂದವರು ತಿಂಗಳ ನಂತರ ಅಂಗಡಿಯಲ್ಲಿ ಏನೆನ್ನುತ್ತಾರೆ ಎಂಬುದು ಬೇರೆ ಪ್ರಶ್ನೆ. ಧಾರವಾಡದ ಅಥವಾ ಮಂಗಳೂರಿನ ಮಾತನ್ನು ಕಲಿಯುವವರಿಗೆ ನಾಲ್ಕಾರು ಮಾದರಿ ರೂಪಗಳು ಸಾಕೇ ಎಂಬುದನ್ನೂ ಪರೀಕ್ಷಿಸಿ ನೋಡಬೇಕಾಗಿದೆ.