ಗಾಜಿನಮನೆಗೆ ಬೆಂಕಿ ಹಾಕಿದವರ ಕತೆ, ನಮ್ಮ ಪಾಲಿಹೌಸಿನ ಚಳಿ

ಚಳಿ ಬಿದ್ದ ಮೇಲೆ ಪಾಲಿಹೌಸ್ ಇಟ್ಟುಕೊಂಡವರದ್ದೆಲ್ಲ ಒಂದೇ ಮಾತು. ಕಾಳುಮೆಣಸಿನ ತುಂಡು ಬೇರು ಬಿಡ್ತಾ ಇಲ್ಲ, ಆಂಥೂರಿಯಂ ಮೊಗ್ಗು ನಿಂತಲ್ಲೇ ನಿಂತಿದೆ, ಒಳಗೆ ಹೀಟರ್ ಹಾಕಬಹುದಾ, ರಾತ್ರಿ ಕೆಂಡ ಇಡಬಹುದಾ ಅಂತ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮಧ್ಯಾಹ್ನ ಸೆಕೆ, ಬೆಳಗಿನ ಜಾವ ಕಂಬಳಿ ಬಿಡಲಾಗದ ಚಳಿ. ಇದು ಹೊಸದಲ್ಲ. ಆದರೆ ಗಿಡಕ್ಕೆ ಮನೆ ಕಟ್ಟಿ ಚಳಿಯಿಂದ ಕಾಯುವ ಕೆಲಸಕ್ಕೆ ದೊಡ್ಡ ಇತಿಹಾಸವೇ ಇದೆ. ಅದನ್ನು ತಿಳಿದರೆ ಉತ್ತರ ತಾನಾಗಿ ಸಿಗ್ತದೆ.

ಮೊದಲು ಕೊರಿಯಾ. 15ನೇ ಶತಮಾನದ ನಡುವೆ ಅಲ್ಲಿ ಬರೆದ 'ಸಾಂಗಾ ಯೊರೊಕ್' ಅನ್ನೋ ಪುಸ್ತಕದಲ್ಲಿ ಚಳಿಗಾಲದಲ್ಲಿ ಸೊಪ್ಪು-ತರಕಾರಿ ಬೆಳೆಯುವ ಮನೆಯ ವಿವರ ಇದೆ. ಮೂರು ಕಡೆ ಮಣ್ಣಿನ ಗೋಡೆ, ದಕ್ಷಿಣಕ್ಕೆ ಎಣ್ಣೆ ಹಚ್ಚಿದ ಕಾಗದ. ನೆಲದ ಅಡಿಯಲ್ಲಿ ಒಲೆಯ ಬಿಸಿ ಹಾಯುವ ದಾರಿ. ಹಂಡೆಯಲ್ಲಿ ನೀರು ಕುದಿಸಿ ಹಬೆಯನ್ನು ಒಳಗೆ ಬಿಡ್ತಿದ್ರು. ನಮ್ಮ ಬಚ್ಚಲೊಲೆಯನ್ನೇ ತೋಟಕ್ಕೆ ತಿರುಗಿಸಿದ ಹಾಗೆ! ಹೊಗೆ ಮಾತ್ರ ಗಿಡಕ್ಕೆ ತಾಗ್ತಿರಲಿಲ್ಲ ಅನ್ನೋದನ್ನು ಗಮನಿಸಿ.

ಯುರೋಪಿನಲ್ಲಿ ಇದು ರಾಜರ ಶೋಕಿಯಾಗಿ ಬೆಳೀತು. ಫ್ರಾನ್ಸಿನ ವರ್ಸೈ ಅರಮನೆಯಲ್ಲಿ 1680ರ ದಶಕದಲ್ಲಿ ಕಿತ್ತಳೆ ಗಿಡಗಳಿಗಂತಲೇ ದಪ್ಪ ಗೋಡೆಯ, ದಕ್ಷಿಣಕ್ಕೆ ಕಿಟಕಿ ಇಟ್ಟ ಕಟ್ಟಡ ಕಟ್ಟಿದರು. ಮರದ ಪೆಟ್ಟಿಗೆಯಲ್ಲಿ ಬೆಳೆದ ಗಿಡಗಳು ಚಳಿಗೆ ಒಳಗೆ, ಬೇಸಿಗೆಗೆ ಹೊರಗೆ. ಅನಾನಸಿನ ಹುಚ್ಚು ಇನ್ನೂ ದೊಡ್ಡದು. ನಾವು ಬೇಲಿ ಬದಿಗೆ ನೆಟ್ಟು ಮರೆತುಬಿಡುವ ಅನಾನಸನ್ನು ಅವರು ಸಗಣಿ ಗೊಬ್ಬರ, ಚರ್ಮ ಹದ ಮಾಡುವ ಮರದ ತೊಗಟೆ ತುಂಬಿದ ಗುಂಡಿಯ ಮೇಲಿಟ್ಟು ಬೆಳೀತಿದ್ರು. ಕೊಳೆಯುವಾಗ ಹುಟ್ಟುವ ಕಾವೇ ಬೇರಿಗೆ ಬಿಸಿ. ಗೊಬ್ಬರಗುಂಡಿಗೆ ಕೈ ಹಾಕಿ ನೋಡಿದವರಿಗೆ ಆ ಕಾವು ಎಷ್ಟಿರ್ತದೆ ಅಂತ ಹೇಳಬೇಕಾಗಿಲ್ಲ.

ಆಮೇಲೆ ಬಂತು ಕಲ್ಲಿದ್ದಲಿನ ಕಾಲ. ಇಂಗ್ಲೆಂಡಿನ ಚಾಟ್ಸ್‌ವರ್ತ್‌ನಲ್ಲಿ ಜೋಸೆಫ್ ಪ್ಯಾಕ್ಸ್ಟನ್ ಅನ್ನೋ ತೋಟದ ಮೇಲ್ವಿಚಾರಕ 1836ರಲ್ಲಿ ಒಂದು ಗಾಜಿನಮನೆ ಶುರು ಮಾಡಿದ. 277 ಅಡಿ ಉದ್ದ, 123 ಅಡಿ ಅಗಲ. ಬಿಸಿನೀರಿಗೆ 8 ಬಾಯ್ಲರು, ಸುಮಾರು 11 ಕಿಲೋಮೀಟರ್ ಪೈಪು. ಕಲ್ಲಿದ್ದಲು ತರಲು ನೆಲದಡಿಯಲ್ಲಿ ಹಳಿ. ಇದೇ ಪ್ಯಾಕ್ಸ್ಟನ್ ಮುಂದೆ 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿದವನು.

ಅವನು ಅಲ್ಲಿ ಬೆಳೆಸಿದ್ದರಲ್ಲಿ ಒಂದು ಗಿಡ್ಡ ಬಾಳೆ. ತೋಟದ ಯಜಮಾನರ ಮನೆತನದ ಹೆಸರು ಕ್ಯಾವೆಂಡಿಶ್, ಬಾಳೆಗೂ ಅದೇ ಹೆಸರು ಬಂತು. ನಮ್ಮ ಪಚ್ಚಬಾಳೆ, ಈಗ ಎಲ್ಲರೂ ಹಾಕುವ ಜಿ-9, ಎಲ್ಲ ಆ ಗುಂಪಿನವೇ. ವೆನಿಲ್ಲಾ ಕತೆಯೂ ಹೀಗೇ. ಅದರ ಹೂವಿಗೆ ಕೈಯಲ್ಲಿ ಪರಾಗಸ್ಪರ್ಶ ಮಾಡಿ ಕಾಯಿ ಕಟ್ಟಿಸಬಹುದು ಅಂತ 1836ರಲ್ಲಿ ತೋರಿಸಿದ್ದು ಬೆಲ್ಜಿಯಂನ ಲಿಯೇಜ್‌ನಲ್ಲಿ, ಬೆಚ್ಚಗಿಟ್ಟ ಗಾಜಿನಮನೆಯೊಳಗೆ, ಚಾರ್ಲ್ಸ್ ಮೊರೆನ್. ತೋಟದಲ್ಲಿ ಬೇಗ ಬೇಗ ಮಾಡುವ ಕಡ್ಡಿಯ ಉಪಾಯ ಕಂಡುಹಿಡಿದದ್ದು 1841ರಲ್ಲಿ, ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್, ಆಗ 12 ವರ್ಷದ ಗುಲಾಮ ಹುಡುಗ. 2003ರ ವೆನಿಲ್ಲಾ ಕಾಲದಲ್ಲಿ ಅಡಿಕೆ ತೋಟದಲ್ಲಿ ಬೆಳಬೆಳಗ್ಗೆ ಕಡ್ಡಿ ಹಿಡಿದು ನಿಂತವರೆಲ್ಲ ಮಾಡಿದ್ದು ಆ ಹುಡುಗನ ಕೆಲಸವನ್ನೇ.

ಚಾಟ್ಸ್‌ವರ್ತ್ ಮನೆ ಏನಾಯ್ತು? ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲು ಸಿಗಲಿಲ್ಲ. ಒಲೆ ಆರಿತು, ಗಿಡ ಸತ್ತವು. 1920ರಲ್ಲಿ ಮದ್ದಿಟ್ಟು ಕೆಡವಿದರು. ಹೊರಗಿನಿಂದ ಕೊಂಡು ತರುವ ಬಿಸಿಯ ಮೇಲೆ ನಿಂತ ಮನೆ, ಬಿಸಿ ನಿಂತ ದಿನವೇ ಹೋಯ್ತು. ವರ್ಸೈನ ದಪ್ಪ ಗೋಡೆ ಮಾತ್ರ ಇವತ್ತಿಗೂ ಅದೇ ಕೆಲಸ ಮಾಡ್ತಾ ಇದೆ.

ನಮ್ಮ ರಾಜ್ಯದ ಗಾಜಿನಮನೆ ಅಂದ್ರೆ ಲಾಲ್‌ಬಾಗ್. 1889ರ ನವೆಂಬರ್ 30ರಂದು ಅದಕ್ಕೆ ಅಡಿಗಲ್ಲು ಬಿತ್ತು. ಆಗ ತೋಟದ ಮುಖ್ಯಸ್ಥರು ಜಾನ್ ಕ್ಯಾಮರಾನ್, ಸೀಮೆಬದನೆಯನ್ನು ಬೆಂಗಳೂರಿಗೆ ತಂದವರು. ಕಬ್ಬಿಣ ಗ್ಲಾಸ್ಗೋದಿಂದ ಬಂತು. 1935ರಲ್ಲಿ ಪೂರ್ವದ ಭಾಗ ಸೇರಿಸುವಾಗ ಬಳಸಿದ್ದು ನಮ್ಮ ಭದ್ರಾವತಿ ಕಾರ್ಖಾನೆಯ ಕಬ್ಬಿಣ. ಮಾದರಿ ಕ್ರಿಸ್ಟಲ್ ಪ್ಯಾಲೇಸಿನದು, ಆದರೆ ಬಾಯ್ಲರಿನ ಗೊಡವೆ ಬೇಕಾಗಲಿಲ್ಲ. ಫಲಪುಷ್ಪ ಪ್ರದರ್ಶನಕ್ಕೆ ಕಟ್ಟಿದ ಚಪ್ಪರ ಅದು. ಹೊರಗಿನ ವಿನ್ಯಾಸ ತಂದರೂ ಹೊರಗಿನ ಒಲೆ ತರಲಿಲ್ಲ.

ನಮ್ಮ ಪಾಲಿಹೌಸಿನ ಅಜ್ಜ ಇವ್ಯಾವೂ ಅಲ್ಲ. 1948ರಲ್ಲಿ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಎಮ್ಮರ್ಟ್ ಅನ್ನೋರು, ಗಾಜಿಗೆ ದುಡ್ಡು ಸಾಲದೆ, ಮರದ ಚೌಕಟ್ಟಿಗೆ ಸೆಲೋಫೇನ್ ಹಾಳೆ ಹೊದಿಸಿದರು. ಆಮೇಲೆ ಪಾಲಿಥೀನ್ ಬಂತು. ರಾಜರ ವಸ್ತು ರೈತರ ಕೈಗೆ ಬಂದದ್ದು ಹಾಗೆ. ನಮ್ಮಲ್ಲಿ 2005ರ ರಾಷ್ಟ್ರೀಯ ತೋಟಗಾರಿಕೆ ಮಿಷನ್ ಸಬ್ಸಿಡಿ ಬಂದ ಮೇಲೆ ಊರೂರಲ್ಲಿ ಎದ್ದವು.

ಈಗ ವಿಷಯಕ್ಕೆ ಬರೋಣ. ಗಾಜು ಶಾಖವನ್ನು ಹೊರಗೆ ಬಿಡೋದಿಲ್ಲ, ಅದಕ್ಕೇ ಒಳಗೆ ಬಿಸಿ ಅಂತ ಶಾಲೆಯಲ್ಲಿ ಕಲಿತಿದ್ದೇವೆ. 1909ರಲ್ಲಿ ಆರ್. ಡಬ್ಲ್ಯೂ. ವುಡ್ ಅನ್ನೋ ವಿಜ್ಞಾನಿ ಎರಡು ಡಬ್ಬ ಮಾಡಿದ. ಒಂದಕ್ಕೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಶಾಖವನ್ನು ಸಲೀಸಾಗಿ ಬಿಡುವ ಕಲ್ಲುಪ್ಪಿನ ಮುಚ್ಚಳ. ಬಿಸಿಲಲ್ಲಿಟ್ಟರೆ ಎರಡೂ ಹೆಚ್ಚುಕಮ್ಮಿ ಒಂದೇ ಬಿಸಿ! ಅಂದ್ರೆ ಹಗಲಿನ ಮುಖ್ಯ ಕೆಲಸ ಬಿಸಿ ಗಾಳಿ ತಪ್ಪಿಸಿಕೊಳ್ಳದ ಹಾಗೆ ತಡೆಯೋದು. ಹರಿದ ಶೀಟಿನ ಮನೆಗೆ ಎಷ್ಟು ಹೀಟರ್ ಹಾಕಿದರೂ ಗಾಳಿಗೆ ಗುದ್ದಿದ ಹಾಗೇ.

ರಾತ್ರಿಯ ಲೆಕ್ಕ ಬೇರೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಸಾದಾ ಪಾಲಿಥೀನ್ ನೆಲದ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡ್ತದೆ. ಕೆಲವೊಮ್ಮೆ ಹೊರಗಿಗಿಂತ ಒಳಗೇ ಚಳಿ ಹೆಚ್ಚಾಗ್ತದೆ. ಚೀನಾದ ರೈತರು ಇದಕ್ಕೆ ಬಹಳ ಸರಳ ದಾರಿ ಹಿಡಿದಿದ್ದಾರೆ: ಉತ್ತರಕ್ಕೆ ದಪ್ಪ ಗೋಡೆ, ಸಂಜೆ ಶೀಟಿನ ಮೇಲೆ ಹುಲ್ಲಿನ ಚಾಪೆ, ಬೆಳಿಗ್ಗೆ ಸುತ್ತಿಟ್ಟರೆ ಆಯ್ತು. ಒಲೆಯಿಲ್ಲದೆ ನಮಗಿಂತ ಎಷ್ಟೋ ಹೆಚ್ಚಿನ ಚಳಿ ದಾಟುತ್ತಾರೆ.

ಇಷ್ಟೆಲ್ಲದರಿಂದ ನಮ್ಮ ಕೊಪ್ಪಲಿಗೆ ಸಿಗುವ ಪಾಠ ಇವು:

ದೊಡ್ಡ ಮನೆ ಪೂರ್ತಿ ಬೆಚ್ಚಗೆ ಮಾಡಲು ಹೋಗಬೇಡಿ. ಬೇರು ಬಿಡಬೇಕಾದ ತುಂಡುಗಳ ಮೇಲೆ ಮಾತ್ರ, ಒಳಗೇ ಒಂದು ಸಣ್ಣ ಗೂಡು ಕಟ್ಟಿ.

ಬಿಸಿಲು ಇಳಿಯೋದಕ್ಕೆ ಮೊದಲೇ, ನಾಲ್ಕು ಗಂಟೆ ಹೊತ್ತಿಗೆ ಪರದೆ ಇಳಿಸಿ. ಕತ್ತಲಾದ ಮೇಲೆ ಮುಚ್ಚಿದರೆ ಮುಚ್ಚೋದು ಚಳಿಯನ್ನೇ.

ಗೂಡಿನ ಬದಿಗೆ ಕಪ್ಪು ಬಣ್ಣದ ನೀರಿನ ಡ್ರಮ್ ಇಡಿ. 200 ಲೀಟರ್ ನೀರು 10 ಡಿಗ್ರಿ ತಣಿದರೆ ಸುಮಾರು 2.3 ಯೂನಿಟ್ ಕರೆಂಟಿನಷ್ಟು ಶಾಖ ಬಿಡ್ತದೆ, ಬಿಲ್ಲಿಲ್ಲದೆ.

ರಾತ್ರಿ ಗೂಡಿನ ಮೇಲೆ ಹುಲ್ಲಿನ ಚಾಪೆ ಅಥವಾ ಗೋಣಿ ಹೊದಿಸಿ. ಸಂಜೆ ತಣ್ಣೀರು ಹಾಯಿಸಬೇಡಿ.

ಬೆಳಿಗ್ಗೆ ಮಂಜು ಕರಗಿದ ಕೂಡಲೇ ತೆಗೆದು ಗಾಳಿ ಆಡಿಸಿ. ಮುಚ್ಚಿಟ್ಟು ಹನಿ ತೊಟ್ಟಿಕ್ಕಿದರೆ ಚಳಿಗಿಂತ ಕೊಳೆರೋಗವೇ ಬೇಗ ಗಿಡ ತಿನ್ನೋದು.

ಇನ್ನು ಕೆಂಡದ ಮಾತು. ದಯವಿಟ್ಟು ಬೇಡ ಮಾರಾಯ್ರೆ. ಹೊಗೆಯಲ್ಲಿರುವ ಎಥಿಲೀನ್ ಹೂ ಮೊಗ್ಗನ್ನು ಹಾಳು ಮಾಡ್ತದೆ, ಅದು ಹೋಗಲಿ. ಮುಚ್ಚಿದ ಮನೆಯೊಳಗೆ ಕೆಂಡ ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಬೆಳಿಗ್ಗೆ ಮೊದಲು ಬಾಗಿಲು ತೆಗೆದು ಒಳಗೆ ಹೋಗೋದು ನಿಮ್ಮ ಮನೆಯವರೋ, ಕೆಲಸಕ್ಕೆ ಬಂದವರೋ. ನಾಲ್ಕು ಮೆಣಸಿನ ಬಳ್ಳಿ ಸತ್ತರೆ ಮಳೆಗಾಲಕ್ಕೆ ಮತ್ತೆ ಮಾಡಿಕೊಳ್ಳಬಹುದು.

ಹುಲ್ಲಿನ ಚಾಪೆಯೋ, ನೀರಿನ ಡ್ರಮ್ಮೋ ಯಾರಾದ್ರೂ ಮಾಡಿ ನೋಡಿದ್ರೆ, ಬೆಳಗಿನ ಜಾವ ಒಳಗೆ ಎಷ್ಟು ಡಿಗ್ರಿ, ಹೊರಗೆ ಎಷ್ಟು ಅಂತ ಬರೆದಿಟ್ಟು ಹೇಳಿ. ನಮ್ಮ ಮೂರು ತಾಲ್ಲೂಕಿಗೆ ಬೇಕಾದ ಲೆಕ್ಕ ಅದು.