ಮ್ಯಾಟ್ಸ್ ಸ್ಟೀನ್

ಮ್ಯಾಟ್ಸ್ ಸ್ಟೀನ್ (೧೯೮೯ – ನವೆಂಬರ್ ೧೮, ೨೦೧೪) ನಾರ್ವೆ ದೇಶದ ಒಬ್ಬ ಯುವಕ. ಡುಶೇನ್ ಸ್ನಾಯುಕ್ಷಯ ರೋಗದಿಂದ ಬಳಲುತ್ತಿದ್ದ ಇವನು 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆನ್‌ಲೈನ್ ವಿಡಿಯೋ ಗೇಮ್‌ನಲ್ಲಿ 'ಇಬೆಲಿನ್' ಎಂಬ ಪಾತ್ರವಾಗಿ ಹಲವು ವರ್ಷ ಆಡಿದನು. ಮಗನು ಏಕಾಂಗಿಯಾಗಿ ಬದುಕಿದನೆಂದೇ ತಂದೆತಾಯಿಗಳು ಭಾವಿಸಿದ್ದರು. ಆಟದ ಮೂಲಕ ಅವನಿಗೆ ಹಲವು ದೇಶಗಳಲ್ಲಿ ಆಪ್ತ ಸ್ನೇಹಿತರಿದ್ದರೆಂಬುದು ಅವರಿಗೆ ತಿಳಿದದ್ದು ಅವನ ಮರಣಾನಂತರ. ಮಕ್ಕಳ ವಿಡಿಯೋ ಗೇಮ್ ಆಸಕ್ತಿಯನ್ನು ಹಿರಿಯರು ಹೇಗೆ ನೋಡಬೇಕೆಂಬ ಚರ್ಚೆಯಲ್ಲಿ ಈ ಪ್ರಕರಣವನ್ನು ಉದಾಹರಿಸುವುದುಂಟು.

ಬಾಲ್ಯ ಮತ್ತು ಅನಾರೋಗ್ಯ

ಮ್ಯಾಟ್ಸ್‌ನ ತಂದೆ ರಾಬರ್ಟ್, ತಾಯಿ ಟ್ರೂಡೆ, ತಂಗಿ ಮಿಯಾ. ಸುಮಾರು ನಾಲ್ಕನೆಯ ವಯಸ್ಸಿನಲ್ಲಿ ಅವನಿಗೆ ಡುಶೇನ್ ಸ್ನಾಯುಕ್ಷಯವಿರುವುದು ಪತ್ತೆಯಾಯಿತು. ಇದು ಹೆಚ್ಚಾಗಿ ಗಂಡುಮಕ್ಕಳಲ್ಲಿ ಕಾಣಿಸಿಕೊಳ್ಳುವ ಆನುವಂಶಿಕ ರೋಗ. ಸ್ನಾಯುಗಳಿಗೆ ಅಗತ್ಯವಾದ ಡಿಸ್ಟ್ರೋಫಿನ್ ಎಂಬ ಪ್ರೋಟೀನು ದೇಹದಲ್ಲಿ ಸರಿಯಾಗಿ ಉತ್ಪತ್ತಿಯಾಗದ ಕಾರಣ ಮೊದಲು ನಡೆಯುವ ಶಕ್ತಿ ಕುಂದುತ್ತದೆ. ಕ್ರಮೇಣ ತೋಳು, ಹೃದಯ ಮತ್ತು ಉಸಿರಾಟದ ಸ್ನಾಯುಗಳೂ ದುರ್ಬಲವಾಗುತ್ತವೆ.

ಮ್ಯಾಟ್ಸ್ ಬಾಲ್ಯದಲ್ಲಿಯೇ ಗಾಲಿಕುರ್ಚಿಯನ್ನು ಅವಲಂಬಿಸಬೇಕಾಯಿತು. ಓರಗೆಯ ಮಕ್ಕಳು ಬಯಲಿನಲ್ಲಿ ಆಡುವಾಗ ಅವನಿಗೆ ಉಳಿದದ್ದು ಕಂಪ್ಯೂಟರ್ ಆಟ. ಮನೆಯವರು ಅದಕ್ಕೆ ಅವಕಾಶ ಮಾಡಿಕೊಟ್ಟರಾದರೂ ಆಟದೊಳಗೆ ಅವನು ಏನು ಮಾಡುತ್ತಿದ್ದನೆಂಬುದು ಅವರಿಗೆ ತಿಳಿದಿರಲಿಲ್ಲ.

ಆಟದಲ್ಲಿ ಇಬೆಲಿನ್

'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಬ್ಲಿಝಾರ್ಡ್ ಎಂಟರ್‌ಟೈನ್‌ಮೆಂಟ್ ಸಂಸ್ಥೆಯು ೨೦೦೪ರಲ್ಲಿ ಬಿಡುಗಡೆ ಮಾಡಿದ ಆಟ. ಸಾವಿರಾರು ಜನರು ಒಂದೇ ಕಾಲ್ಪನಿಕ ಲೋಕದಲ್ಲಿ ಏಕಕಾಲಕ್ಕೆ ಆಡುತ್ತಾರೆ. ಸಮಾನಾಸಕ್ತರು ಸೇರಿ ಕಟ್ಟಿಕೊಳ್ಳುವ ಬಳಗಕ್ಕೆ 'ಗಿಲ್ಡ್' ಎಂದು ಹೆಸರು. ಮ್ಯಾಟ್ಸ್ 'ಸ್ಟಾರ್‌ಲೈಟ್' ಎಂಬ ಗಿಲ್ಡ್‌ನ ಸದಸ್ಯನಾಗಿದ್ದನು. ಇದರ ಸದಸ್ಯರು ತಮ್ಮ ತಮ್ಮ ಪಾತ್ರಗಳ ಮಾತುಗಳನ್ನು ನಾಟಕದ ಸಂಭಾಷಣೆಯಂತೆ ಬೆರಳಚ್ಚಿಸುತ್ತ ಆಡುತ್ತಿದ್ದರು.

ಮ್ಯಾಟ್ಸ್‌ನ ಪಾತ್ರವಾದ ಇಬೆಲಿನ್ ರೆಡ್‌ಮೂರ್ ಒಬ್ಬ ದೃಢಕಾಯ ಪತ್ತೇದಾರ. ನಡೆಯಲಾರದ ಯುವಕನ ಈ ಪಾತ್ರವು ಆಟದ ಲೋಕದಲ್ಲಿ ಪ್ರತಿದಿನವೂ ತಪ್ಪದೆ ಓಡುತ್ತಿತ್ತು. ತನ್ನ ಅನಾರೋಗ್ಯವನ್ನು ಅವನು ಗೆಳೆಯರಿಂದ ಬಹುಕಾಲ ಮರೆಮಾಚಿದ್ದನು. ಅವರೊಂದಿಗೆ ಮುನಿಸು, ಜಗಳಗಳೂ ನಡೆದವು. ಕೊನೆಯ ವರ್ಷಗಳಲ್ಲಿ ಬ್ಲಾಗ್ ಬರೆಯತೊಡಗಿದ ಮೇಲೆ ಅವನ ಸ್ಥಿತಿ ಬಳಗಕ್ಕೆ ತಿಳಿಯಿತು.

ಇತರ ಕುಟುಂಬಗಳಿಗೆ ನೆರವು

ಮ್ಯಾಟ್ಸ್ ಬೇರೆ ಕುಟುಂಬಗಳಲ್ಲಿ ಹಿರಿಯರಿಗೂ ಮಕ್ಕಳಿಗೂ ನಡುವೆ ಇದ್ದ ಅಂತರವನ್ನು ಕಡಮೆ ಮಾಡಲು ಯತ್ನಿಸಿದ ಎರಡು ಪ್ರಸಂಗಗಳು ದಾಖಲಾಗಿವೆ.

ಮೊದಲನೆಯದು ನೆದರ್ಲ್ಯಾಂಡ್ಸ್‌ನ ಹದಿಹರೆಯದ ಹುಡುಗಿಯೊಬ್ಬಳದು. ಓದಿನಲ್ಲಿ ಹಿಂದೆ ಬಿದ್ದಳೆಂದು ಪೋಷಕರು ಅವಳ ಕಂಪ್ಯೂಟರನ್ನು ಕಿತ್ತುಕೊಂಡರು. ಇದರಿಂದ ಅವಳು ತನ್ನ ಸ್ನೇಹಿತರನ್ನೇ ಕಳೆದುಕೊಂಡಂತಾಯಿತು. ಆಗ ಮ್ಯಾಟ್ಸ್ ಅವಳ ತಂದೆತಾಯಿಗಳಿಗೆ ಪತ್ರ ಬರೆದು, ಆಟವು ಅವಳ ಪಾಲಿಗೆ ಏನಾಗಿದೆಯೆಂಬುದನ್ನು ವಿವರಿಸಿದನು.

ಎರಡನೆಯದು ಡೆನ್ಮಾರ್ಕ್‌ನ ತಾಯಿ ಮತ್ತು ಮಗನದು. ಸ್ವಲೀನತೆ (ಆಟಿಸಂ) ಇದ್ದ ಮಗನು ಹೆಚ್ಚು ಕಾಲ ಕೋಣೆಯೊಳಗೇ ಇರುತ್ತಿದ್ದನು. ಅಪ್ಪುಗೆ ಅವನಿಗೆ ಸಹನೀಯವಾಗಿರಲಿಲ್ಲ. ತಾಯಿಯೂ ಸ್ಟಾರ್‌ಲೈಟ್ ಸದಸ್ಯೆ. ಮಗನನ್ನು ಆಟದೊಳಗೇ ಭೇಟಿಯಾಗುವಂತೆ ಮ್ಯಾಟ್ಸ್ ಅವಳಿಗೆ ಸಲಹೆ ನೀಡಿದನು. ಅದರಂತೆ ಇಬ್ಬರೂ ಜೊತೆಯಾಗಿ ಆಡತೊಡಗಿದರು. ಮೊದಲು ಅವರ ಪಾತ್ರಗಳು ಪರಸ್ಪರ ಅಪ್ಪಿಕೊಂಡವು. ಮುಂದೆ ತಾಯಿಮಕ್ಕಳೂ ಅಪ್ಪಿಕೊಳ್ಳುವುದು ಸಾಧ್ಯವಾಯಿತು.

ಮರಣ

ಮ್ಯಾಟ್ಸ್ ತನ್ನ ೨೫ನೆಯ ವಯಸ್ಸಿನಲ್ಲಿ ನಿಧನನಾದನು. ಅವನ ಬ್ಲಾಗ್‌ನ ಗುಪ್ತಪದ ಪೋಷಕರ ಬಳಿ ಇತ್ತು. ಮರಣವಾರ್ತೆಯನ್ನು ತಂದೆ ಅಲ್ಲಿ ಪ್ರಕಟಿಸಿ ತಮ್ಮ ಇಮೇಲ್ ವಿಳಾಸವನ್ನೂ ನೀಡಿದರು. ಕೆಲವೇ ಸಮಯದಲ್ಲಿ ಅಪರಿಚಿತರಿಂದ ಒಂದರ ಹಿಂದೊಂದು ದೀರ್ಘ ಸಂದೇಶಗಳು ಬರತೊಡಗಿದವು. ಮಗನು ಅವರಿಗೆ ಸ್ನೇಹಿತನೂ ಸಲಹೆಗಾರನೂ ಆಗಿದ್ದನೆಂಬುದು ಪೋಷಕರಿಗೆ ತಿಳಿದದ್ದು ಹೀಗೆ. ನೆದರ್ಲ್ಯಾಂಡ್ಸ್, ಡೆನ್ಮಾರ್ಕ್ ಮೊದಲಾದ ದೇಶಗಳ ಬಳಗದ ಸದಸ್ಯರು ನಾರ್ವೆಗೆ ಬಂದು ಅಂತ್ಯಕ್ರಿಯೆಯಲ್ಲಿ ಪಾಲ್ಗೊಂಡರು.

ವರದಿ ಮತ್ತು ಸಾಕ್ಷ್ಯಚಿತ್ರ

೨೦೧೯ರಲ್ಲಿ ನಾರ್ವೆಯ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆ ಈ ಕಥೆಯನ್ನು ಪ್ರಕಟಿಸಿತು. ಬಿಬಿಸಿ ಅದರ ಇಂಗ್ಲಿಷ್ ರೂಪವನ್ನು ಪ್ರಕಟಿಸಿದ ಮೇಲೆ ಅದು ಜಗತ್ತಿನ ಗಮನ ಸೆಳೆಯಿತು. ಬೆಂಜಮಿನ್ ರೀ ನಿರ್ದೇಶಿಸಿದ 'ದಿ ರಿಮಾರ್ಕಬಲ್ ಲೈಫ್ ಆಫ್ ಇಬೆಲಿನ್' ಸಾಕ್ಷ್ಯಚಿತ್ರವು ೨೦೨೪ರ ಜನವರಿಯಲ್ಲಿ ಅಮೆರಿಕದ ಸನ್‌ಡಾನ್ಸ್ ಚಲನಚಿತ್ರೋತ್ಸವದಲ್ಲಿ ತೆರೆಕಂಡು, ವಿಶ್ವ ಸಾಕ್ಷ್ಯಚಿತ್ರ ವಿಭಾಗದಲ್ಲಿ ಪ್ರೇಕ್ಷಕರ ಪ್ರಶಸ್ತಿಯನ್ನೂ ನಿರ್ದೇಶನ ಪ್ರಶಸ್ತಿಯನ್ನೂ ಪಡೆಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾಯಿತು. ಬಳಗವು ಕಾಯ್ದಿಟ್ಟಿದ್ದ ಸುಮಾರು ೪೨,೦೦೦ ಪುಟಗಳಷ್ಟು ಸಂಭಾಷಣೆಯನ್ನು ಆಧರಿಸಿ ಇಬೆಲಿನ್‌ನ ಜೀವನವನ್ನು ಚಿತ್ರದಲ್ಲಿ ಅನಿಮೇಷನ್ ರೂಪದಲ್ಲಿ ಮರುಸೃಷ್ಟಿಸಲಾಗಿದೆ.

ಮಹತ್ವ

ವಿಡಿಯೋ ಗೇಮ್ ಆಡುವುದೆಲ್ಲವೂ ಹಿತಕರವೆಂದು ಈ ಪ್ರಕರಣದಿಂದ ತೀರ್ಮಾನಿಸಲಾಗದು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ೧೧ನೆಯ ಆವೃತ್ತಿ ೨೦೨೨ರ ಜನವರಿ ೧ರಂದು ಜಾರಿಗೆ ಬಂದಿದ್ದು, ಅದರಲ್ಲಿ ಆಟದ ವ್ಯಸನವೂ ಸೇರಿದೆ. ಆದರೆ ಅದರ ಲಕ್ಷಣ ಕೇವಲ ಆಡಿದ ಗಂಟೆಗಳ ಸಂಖ್ಯೆಯಲ್ಲ. ಆಟದ ಮೇಲೆ ಹಿಡಿತ ತಪ್ಪುವುದು, ಹಾನಿಯಾಗುತ್ತಿದ್ದರೂ ಬಿಡಲಾಗದಿರುವುದು. ಮಗುವು ಎಷ್ಟು ಹೊತ್ತು ಆಡುತ್ತದೆ ಎಂಬುದನ್ನು ದೂರದಿಂದಲೂ ಗಮನಿಸಬಹುದು. ಯಾರೊಂದಿಗೆ, ಏತಕ್ಕಾಗಿ ಆಡುತ್ತದೆ ಎಂಬುದನ್ನು ಅರಿಯಲು ಪಕ್ಕದಲ್ಲಿ ಕುಳಿತು ಕೇಳಬೇಕಾಗುತ್ತದೆ. ಡೆನ್ಮಾರ್ಕ್‌ನ ತಾಯಿಗೆ ಸಕಾಲದಲ್ಲಿ ದೊರೆತ ಈ ಅವಕಾಶ ಮ್ಯಾಟ್ಸ್‌ನ ಸ್ವಂತ ತಂದೆತಾಯಿಗಳಿಗೆ ಅವನು ಬದುಕಿದ್ದಾಗ ದೊರೆಯಲಿಲ್ಲ.